ಆಮೆಗೆ ಮನೆ ನೋಡಿದ್ದು

ಅಪ್ಪನಿಗೆ ಬಡ್ತಿ ಸಿಗಲಿ ಎಂದು ನಮ್ಮ ಮನೆಗೆ ಆಮೆ ಬಂತು. ಬಡ್ತಿ ಸಿಕ್ಕಿದ್ದು ಆಮೆಗೆ. ಗಾಜಿನ ಬಟ್ಟಲಲ್ಲಿದ್ದದ್ದು ಐಸ್‌ಕ್ರೀಮ್ ಡಬ್ಬಿಗೆ ಏರಿತು, ಡಬ್ಬಿಯಿಂದ ಬಕೀಟಿಗೆ, ಬಕೀಟಿನಿಂದ ನೀಲಿ ಟಬ್ಬಿಗೆ. ಅಪ್ಪ ಮಾತ್ರ ಕೊಪ್ಪಳದ ಅದೇ ಕಚೇರಿಯಲ್ಲಿ, ಅದೇ ಕಿಟಕಿ ಪಕ್ಕದಲ್ಲಿ, ಅದೇ ದ್ವಿತೀಯ ದರ್ಜೆಯಲ್ಲಿ ಉಳಿದ.

ಟಿವಿಯಲ್ಲಿ ಬೆಳಗ್ಗೆ ಬರುವ ವಾಸ್ತು ಪಂಡಿತರು ಉತ್ತರ ದಿಕ್ಕಿಗೆ ಹಿತ್ತಾಳೆ ಆಮೆ ಇಡಿ ಅಂದಿದ್ದರಂತೆ. ಅಪ್ಪ ಅಲ್ಲಿಗೆ ನಿಲ್ಲದೆ ಮುಂದೆ ಯೋಚಿಸಿದ. ಹಿತ್ತಾಳೆಯದೇ ಇಷ್ಟು ಕೆಲಸ ಮಾಡುವುದಾದರೆ ಜೀವ ಇರುವುದು ಇನ್ನೆಷ್ಟು ಮಾಡಬಾರದು? ಗಂಗಾವತಿಯ ಮೀನಿನಂಗಡಿಗೆ ಹೋಗಿ ಚಹಾದ ಬಸಿಗಿಂತ ಚಿಕ್ಕದೊಂದನ್ನು ತಂದ. ಹಸಿರು ಮೈ, ಹಳದಿ ಗೆರೆ, ಕಣ್ಣಿನ ಹಿಂದೆ ಎರಡೂ ಕಡೆ ಕೆಂಪು ಪಟ್ಟಿ. ಕಿನ್ನಾಳದ ಚಿತ್ರಗಾರರು ಆಗಷ್ಟೇ ಬಣ್ಣ ಹಚ್ಚಿ ಒಣಗಲು ಇಟ್ಟಂತಿತ್ತು. ತೊಂದರೆ ಏನೆಂದರೆ, ನಮ್ಮ ಬಾಡಿಗೆ ಮನೆಯ ಉತ್ತರ ದಿಕ್ಕಿಗೆ ಇರುವುದು ಬಚ್ಚಲು. ಹೀಗಾಗಿ ಲಕ್ಷ್ಮಿಯನ್ನು ಕರೆತರಬೇಕಾದ ಪ್ರಾಣಿ ನಾವೆಲ್ಲ ಜಳಕ ಮಾಡುವುದನ್ನು ನೋಡುತ್ತ ವರ್ಷಗಳನ್ನು ಕಳೆಯಿತು. ಆ ಬೇಸರ ಅದರ ಮುಖದಲ್ಲಿ ಎದ್ದು ಕಾಣುತ್ತಿತ್ತು.

ತಂದ ದಿನ ಬೈದವಳು ಅವ್ವ. "ಈ ಮನ್ಯಾಗ ಉಂಡು ಮಲಗೋರು ಕಡಿಮಿ ಆಗಿದ್ರೇನು?" ಎಂದು ನನ್ನನ್ನೂ ಅಪ್ಪನನ್ನೂ ಒಟ್ಟಿಗೆ ನೋಡಿದ್ದಳು. ಕೊನೆಗೆ ಅದಕ್ಕೆ ತಿನ್ನಲು ಹಾಕಿದವಳು ಅವಳೊಬ್ಬಳೇ. ಅನ್ನ, ಚಪಾತಿ ಚೂರು, ರೊಟ್ಟಿಯ ಅಂಚು, ಶುಕ್ರವಾರ ಬೆನ್ನಿಗೊಂದು ಕುಂಕುಮದ ಬೊಟ್ಟು. ಅವಳು ಬಚ್ಚಲ ಬಾಗಿಲಿಗೆ ಬಂದರೆ ಸಾಕು, ಕತ್ತು ಗೇಣುದ್ದ ಚಾಚುತ್ತಿತ್ತು. ನಾನು ಅವ್ವನ ದನಿಯಲ್ಲಿ ಎಷ್ಟು ಕರೆದರೂ ಹೊರಳಿ ನೋಡುತ್ತಿರಲಿಲ್ಲ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿ ಎರಡು ತರಗತಿ ಖಾಲಿ ಮಾಡಿಸಿದವನು ನಾನು. ಇಡೀ ಜಿಲ್ಲೆಯಲ್ಲಿ ನನ್ನ ಮಿಮಿಕ್ರಿಗೆ ಬೀಳದ ಜೀವಿ ಅದೊಂದೇ.

ಹೀಗಿರುವಾಗ ಯಲಬುರ್ಗಾ ಕಡೆಯ ಹಳ್ಳಿಗೆ ಕೊಟ್ಟಿದ್ದ ಅಕ್ಕ ಹೆರಿಗೆಗೆ ತವರಿಗೆ ಬಂದಳು. ತಪಾಸಣೆಗೆ ಕರೆದುಕೊಂಡು ಹೋದಾಗ ಡಾಕ್ಟರಮ್ಮ ಮನೆಯಲ್ಲಿ ನಾಯಿ ಬೆಕ್ಕು ಏನಾದರೂ ಇದೆಯೇ ಎಂದು ಕೇಳಿದರು. ಅವ್ವ ಹೆಮ್ಮೆಯಿಂದ, "ಆಮಿ ಐತ್ರಿ" ಅಂದಳು. ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಆಮೆಯ ಮೈಯಲ್ಲಿ, ಅದರ ನೀರಿನಲ್ಲಿ ಹೊಟ್ಟೆ ಕೆಡಿಸುವ ರೋಗಾಣುಗಳು ಇರುತ್ತವೆ, ದೊಡ್ಡವರು ಕೈ ತೊಳೆದುಕೊಂಡು ಬಚಾವಾಗಬಹುದು, ಹಸುಗೂಸಿಗೆ ಅದು ಆಗಿಬರುವುದಿಲ್ಲ, ಕೂಸು ಹುಟ್ಟುವುದರೊಳಗೆ ಆಮೆ ಆ ಮನೆಯಲ್ಲಿ ಇರಬಾರದು ಎಂದರು. ಕೂಸು ಜಳಕ ಮಾಡಬೇಕಾದದ್ದು ಅದೇ ಬಚ್ಚಲಿನಲ್ಲಿ.

ಅವತ್ತು ಸಂಜೆ ಪಡಸಾಲೆಯಲ್ಲಿ ಸಭೆ ಸೇರಿತು. ಅವ್ವನ ಅಣ್ಣ, ಅಂದರೆ ನನ್ನ ಮಾಮಾ, ಕರೆಯದೆಯೇ ಬಂದ. ಮಾಮಾನದೊಂದು ಟಂಟಂ ಇದೆ, ಮೂರು ಗಾಲಿಯ ಬಾಡಿಗೆ ಗಾಡಿ. ಟಂಟಂ ಇರುವವನಿಗೆ ಲೋಕದ ಎಲ್ಲ ತಾಪತ್ರಯಕ್ಕೂ ಒಂದೇ ಪರಿಹಾರ ಹೊಳೆಯುತ್ತದೆ: ಗಾಡಿಗೆ ಹಾಕು, ಎಲ್ಲಾದರೂ ಇಳಿಸಿ ಬಾ.

"ಗಣಪ್ಪನ್ನ ಬಿಡಂಗಿಲ್ಲೇನು? ಹಂಗ" ಅಂದ ಮಾಮಾ. "ಒಂದು ಕಾಯಿ ಒಡದು, ಎರಡು ಊದಿನಕಡ್ಡಿ ಹಚ್ಚಿ, ಹುಲಿಕೆರ್ಯಾಗ ಬಿಟ್ಟು ಬರೂಣು. ನೀರಿಂದು ನೀರಿಗೆ. ನಮಗೂ ಪುಣ್ಯ, ಅದಕ್ಕೂ ಮೋಕ್ಷ."

"ಮಾಮಾ, ಗಣಪ್ಪ ಮಣ್ಣಿನಾಂವ, ಕರಗ್ತಾನ. ಇದು ಕರಗಂಗಿಲ್ಲ" ಅಂದೆ.

"ಕರಗದಿದ್ರ ಈಜತೈತಿ. ನಿಂದೇನ ಹೋಗತೈತಿ?"

"ಹುಲಿಕೆರಿ ಬ್ಯಾಡ, ಮನಿ ಹತ್ರ ಆತು" ಎಂದು ಅಪ್ಪ ಗಂಭೀರವಾಗಿ ಹೇಳಿದ. "ತಿರುಗಿ ಬಂದರ?" ಬೇಕಿದ್ದರೆ ಇಟಗಿಯ ಗುಡಿ ಪುಷ್ಕರಣಿಗೆ ಬಿಡೋಣ, ಅಲ್ಲಾದರೆ ಪುಣ್ಯವೂ ಹೆಚ್ಚು, ದೂರವೂ ಹೆಚ್ಚು ಎಂಬುದು ಅವನ ತಿದ್ದುಪಡಿ.

ನಮ್ಮ ಮಂದಿ ಬೇಡವಾದದ್ದನ್ನು ಎಸೆಯುವುದಿಲ್ಲ. ಕೈಮುಗಿದು ಬಿಟ್ಟು ಬರುತ್ತೇವೆ. ಚೌಕಟ್ಟು ಒಡೆದ ದೇವರ ಫೋಟೋ, ಮೂಗು ಹೋದ ಮೂರ್ತಿ, ಹಳೆಯ ಕ್ಯಾಲೆಂಡರಿನ ಲಕ್ಷ್ಮಿ, ಎಲ್ಲಕ್ಕೂ ಅರಳಿಮರದ ಕಟ್ಟೆ ಇಲ್ಲವೇ ಕೆರೆಯ ದಂಡೆ ಇದೆ. ಕೈ ಮುಗಿದ ಮೇಲೆ ಅದು ಎಸೆದದ್ದು ಅನಿಸಿಕೊಳ್ಳುವುದಿಲ್ಲ. ಮರುದಿನ ಮಳೆಯಲ್ಲಿ ನೆನೆದರೂ ನಾಯಿ ಮೂಸಿದರೂ ಪಾಪ ನಾಯಿಗೆ. ಆಮೆಯ ಬೆನ್ನಿಗೆ ಅವ್ವ ಕುಂಕುಮ ಇಟ್ಟಿದ್ದೇ ತಪ್ಪಾಯಿತು. ಅದು ದೇವರ ಸಾಲಿಗೆ ಸೇರಿತ್ತು. ಬರೀ ಪ್ರಾಣಿಯಾಗಿದ್ದರೆ ಯಾರಾದರೂ ಅದರ ಊಟದ ಬಗ್ಗೆ ಕೇಳುತ್ತಿದ್ದರು.

ಅವ್ವ ಕಾಯಿ ಕೊಡಲಿಲ್ಲ. "ತಂದ ಅಂಗಡಿಗೆ ಮೊದಲ ಕೇಳ್ರಿ" ಅಂದಳು.

ನಾನೂ ಅಪ್ಪನೂ ಆಮೆಯನ್ನು ತೂತು ಕೊರೆದ ಟೊಮೆಟೊ ಕ್ರೇಟಿನಲ್ಲಿಟ್ಟುಕೊಂಡು ಗಂಗಾವತಿ ಬಸ್ಸು ಹತ್ತಿದೆವು. ಅಂಗಡಿಯವನು ಕಾಲುವೆ ಕಡೆಯವನು, ಮಾತಿನಲ್ಲಿ ಅರ್ಧ ತೆಲುಗು.

"ಅಣ್ಣಾ, ಇದೇಂಟಿ, ಇಂಥಾ ದೊಡ್ಡದು ಮಾಡೀರಿ!" ಅಂದ, ನಾವೇ ಉಬ್ಬಿಸಿದವರ ಹಾಗೆ.

"ಕೊಡೂ ಮುಂದ ಇಷ್ಟಾ ಇರತೈತಿ ಅಂದಿದ್ದಿ!" ಎಂದು ಅಪ್ಪ ಎರಡು ಬೆರಳು ಹಿಡಿದು ತೋರಿಸಿದ.

"ನಾನು ಅಂದಿದ್ದೆ ಅಣ್ಣಾ. ಅದು ಕೇಳಬೇಕಲ್ಲಾ." ಆಮೇಲೆ ದನಿ ಇಳಿಸಿ, "ಸಣ್ಣದು ಬೇಕಂದ್ರ ಇನ್ನೊಂದು ಒಯ್ರಿ. ದೊಡ್ಡದು ಯಾರಿಗೂ ಬ್ಯಾಡ. ಅಲ್ಲಿ ಕಾಲುವಿ ಐತಿ ನೋಡ್ರಿ, ಎಲ್ಲಾರೂ ಅಲ್ಲೇ..." ಎಂದು ಗಲ್ಲದಿಂದ ದಿಕ್ಕು ತೋರಿಸಿದ.

ಅಪ್ಪ ಆ ದಿಕ್ಕಿಗೆ ಎರಡು ಹೆಜ್ಜೆ ಇಟ್ಟದ್ದು ನಿಜ. ಅಷ್ಟರಲ್ಲಿ ಅವ್ವನ ಫೋನು. ಅಂಗಡಿಯವನು ಅಂದದ್ದನ್ನು ನಾನು ಅವನದೇ ದನಿಯಲ್ಲಿ ಒಪ್ಪಿಸಿದೆ. ಅವ್ವ ಒಂದೇ ಮಾತು ಹೇಳಿದಳು: "ನಿಮ್ಮಪ್ಪಗ ಹೇಳು, ಅದನ್ನ ಕಾಲುವ್ಯಾಗ ಬಿಟ್ರ ಅದರ ಹಿಂದ ತಾನೂ ಹಾರಬೇಕು." ಅಪ್ಪನಿಗೆ ಈಜು ಬರುವುದಿಲ್ಲ. ಮೂವರೂ ವಾಪಸ್ಸು ಬಂದೆವು.

ಬಸ್ಸಿನ ಪ್ರಯಾಣ ಅದಕ್ಕೆ ಆಗಿಬರಲಿಲ್ಲವೋ ಏನೋ, ಮರುದಿನ ಅದು ತಿನ್ನಲಿಲ್ಲ. ದನದ ದವಾಖಾನೆಗೆ ಒಯ್ದೆ. ಮುಂದೆ ಒಂದು ಎಮ್ಮೆ, ಹಿಂದೆ ಒಂದು ಟಗರು, ನಡುವೆ ಕ್ರೇಟು ಹಿಡಿದ ನಾನು. ಟಗರಿನ ಮಾಲೀಕ ಕ್ರೇಟಿನಲ್ಲಿ ಇಣುಕಿ, "ಇದು ಹಾಲ ಕೊಡತೈತೇನ್ರಿ?" ಅಂದ. "ಬಡ್ತಿ ಕೊಡತೈತ್ರಿ" ಅಂದೆ.

ಡಾಕ್ಟರು ಅದನ್ನು ಮಗುಚಿ ನೋಡಿ, ಚಿಪ್ಪು ಒತ್ತಿ ನೋಡಿ, ನನ್ನನ್ನು ನೋಡಿದರು. ಕೆರೆಗೆ ಬಿಡುವ ಮಾತನ್ನು ನಾನು ಎತ್ತಿದ್ದೇ ತಡ, ಅವರ ದನಿ ಏರಿತು.

"ಇದು ನಮ್ಮ ಕಡೆದಲ್ಲೋ ಮಾರಾಯಾ, ಹೊರದೇಶದ್ದು. ಕೆರಿಗೆ ಬಿಟ್ರ ಒಂದೋ ಇದು ಸಾಯತೈತಿ, ಇಲ್ಲಾಂದ್ರ ಇದು ಬದುಕಿ ಕೆರಿಯೊಳಗಿನ ನಮ್ಮ ಆಮಿ ಸಾಯತಾವ. ಮೀನಿನ ಮರಿ ತಿಂತೈತಿ, ಬಿಸಲಿಗೆ ಕೂಡೂ ಜಾಗ ಕಸಗೊಂತೈತಿ, ಇದರ ರೋಗ ಅವಕ್ಕ ಹತ್ತತಾವ. ಪುಣ್ಯ ಅಂತ ಪುಣ್ಯ!"

"ಝೂದವರು ತಗೊಳ್ಳೂದಿಲ್ರೀ?"

"ಊರ ಮಂದಿದೆಲ್ಲಾ ತಗೊಂಡ್ರ ಅವರು ಹುಲಿನ ಎಲ್ಲಿ ಇಡಬೇಕು?" ಎಂದು ಬೈದು, ಮತ್ತೆ ಅವರೇ ಫೋನು ತೆಗೆದು ಒಂದು ನಂಬರು ಕೊಟ್ಟರು. ಕುಷ್ಟಗಿಯಲ್ಲಿ ನಿವೃತ್ತ ಅಕ್ಕೋರು ಒಬ್ಬರು ಇದ್ದಾರೆ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಅಂತಲೇ ಅನ್ನುವುದು. ಇಂಥ ಬೇಡವಾದ ಆಮೆಗಳನ್ನು ಹಿತ್ತಲಲ್ಲಿ ತೊಟ್ಟಿ ಕಟ್ಟಿಸಿ ಸಾಕುತ್ತಾರೆ. "ಆದರ ಅವರು ಸುಮ್ನ ತಗೊಳ್ಳಂಗಿಲ್ಲ, ಪರೀಕ್ಷಾ ಮಾಡ್ತಾರ" ಎಂದು ಎಚ್ಚರಿಕೆಯನ್ನೂ ಕೊಟ್ಟರು.

ಮನೆಯಲ್ಲಿ ಹೇಳಿದಾಗ ಅಪ್ಪ ನೆಲದಿಂದ ಒಂದು ಗೇಣು ಮೇಲೆದ್ದ. "ಮುಗೀತಲ್ಲಾ! ನಾನೂ ಮಾಮಾನೂ ಹೋಗಿ ಕೊಟ್ಟು ಬರ್ತೀವಿ."

"ನಾನೂ ಬರ್ತೀನಿ" ಅಂದಳು ಅವ್ವ.

"ನೀ ಬಂದು ಏನ್ ಮಾಡ್ತಿ?"

"ಮನಿ ನೋಡ್ತೀನಿ. ನೋಡದ ಮನಿಗೆ ಈ ಮನಿಯಿಂದ ಇನ್ನ ಯಾರೂ ಹೋಗೂದಿಲ್ಲ."

ಒಳಗೆ ಮಲಗಿದ್ದ ಅಕ್ಕ ಮಗ್ಗುಲಾದ ಸದ್ದು ಕೇಳಿಸಿತು.

ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಲು ಹೋಗುತ್ತಾರೆ. ಹೋಗುವವರು ಗಂಡಸರು. ಒಂದು ಕ್ರೂಸರ್ ತುಂಬ ಹೋಗಿ, ಜಮಖಾನೆ ಮೇಲೆ ಕೂತು, ಮಿರ್ಚಿ ಮಂಡಕ್ಕಿ ತಿಂದು, ಹೊಲ ಎಷ್ಟು ಎಮ್ಮೆ ಎಷ್ಟು ಎಂದು ಕೇಳಿ, ಬಂದ ಉತ್ತರಕ್ಕೆ ತಲೆ ಆಡಿಸಿ ಎದ್ದು ಬರುತ್ತಾರೆ. ಮನೆ ಹೇಗಿದೆ ಎಂದು ಹೆಂಗಸರು ಕೇಳಿದರೆ "ಛಲೋ ಅದಾರ" ಅನ್ನುತ್ತಾರೆ. ಮಂದಿ ಹೇಗೆ ಎಂದು ಕೇಳಿದರೆ ಮಿರ್ಚಿಯ ಸುದ್ದಿ ಹೇಳುತ್ತಾರೆ. ಅಕ್ಕನ ಮನೆ ನೋಡಲು ಹೋದ ದಂಡಿನಲ್ಲಿ ಅಪ್ಪ, ಮಾಮಾ, ನಾನು ಎಲ್ಲ ಇದ್ದೆವು. ಅಂಗಳದಲ್ಲೊಂದು ನಳ ಇತ್ತು. ಅಪ್ಪ ಮನೆಗೆ ಬಂದು, "ನೀರಿಂದು ತ್ರಾಸ ಇಲ್ಲ, ಮನಿ ಮುಂದ ನಳ ಐತಿ" ಎಂದು ವರದಿ ಒಪ್ಪಿಸಿದ. ಅಷ್ಟು ಗಂಡಸರಲ್ಲಿ ಒಬ್ಬನೂ ಅದನ್ನು ತಿರುವಿ ನೋಡಿರಲಿಲ್ಲ. ನಾನಂತೂ ಅದಕ್ಕೆ ಬೆನ್ನು ಕೊಟ್ಟು ಮಿರ್ಚಿಯ ಎರಡನೇ ತಾಟಿಗೆ ಕಾಯುತ್ತಿದ್ದೆ. ಮದುವೆಯಾದ ಮೇಲೆ ಅಕ್ಕ ತಿರುವಿದಳು. ಅದು ಉಸ್ಸೆಂದು ಗಾಳಿ ಬಿಟ್ಟಿತು. ಅವತ್ತಿನಿಂದ ಅವಳು ಊರ ಆಚೆಯ ಬೋರಿನಿಂದ ಕೊಡ ಹೊರುತ್ತಿದ್ದಾಳೆ. ಪೈಪು ಎಳೆಸಿರೆಂದು ಭಾವನಿಗೆ ಹೇಳಿದಾಗೆಲ್ಲ "ನೋಡೂಣು" ಎಂಬ ಉತ್ತರ. ನೋಡುವುದರಲ್ಲಿ ನಮ್ಮ ಗಂಡಸರನ್ನು ಮೀರಿಸುವವರಿಲ್ಲ.

ಹೀಗೆ ಅವ್ವನ ಷರತ್ತು ಮಂಜೂರಾಯಿತು. ಆಮೆಯನ್ನು ಒಯ್ಯಬೇಕು, ಆದರೆ ಅವಳು ಹೂಂ ಅನ್ನುವವರೆಗೆ ಕ್ರೇಟು ಗಾಡಿಯಿಂದ ಇಳಿಯಬಾರದು. ಭಾನುವಾರ ಬೆಳಗ್ಗೆ ಒದ್ದೆ ಟವೆಲ್ಲಿನ ಮೇಲೆ ಆಮೆ, ಹಿಂದಿನ ಸೀಟಿನಲ್ಲಿ ಅವ್ವ ಅಪ್ಪ, ಮುಂದೆ ಮಾಮಾನ ಅರ್ಧ ಸೀಟಿನಲ್ಲಿ ನಾನು. ಹಿಟ್ನಾಳದ ಹತ್ತಿರ ಹೆದ್ದಾರಿ ಹಿಡಿದೆವು. ನಮ್ಮನ್ನು ಲಾರಿ ಹಿಂದೆ ಹಾಕಿತು, ಟ್ರ್ಯಾಕ್ಟರ್ ಹಿಂದೆ ಹಾಕಿತು, ಕಬ್ಬು ತುಂಬಿದ ಟ್ರೇಲರೂ ಹಿಂದೆ ಹಾಕಿತು. ಆಮೆ ಕತ್ತು ಚಾಚಿ ಮಾಮಾನ ಬೆನ್ನನ್ನು ಮೆಚ್ಚುಗೆಯಿಂದ ನೋಡಿತು. ತನ್ನವನೊಬ್ಬ ಸಿಕ್ಕನೆಂದು.

ಕುಷ್ಟಗಿಯ ಅಕ್ಕೋರು ಬಾಗಿಲಲ್ಲೇ ನಿಂತಿದ್ದರು. ಕನ್ನಡಕ, ಬಿಳಿ ಜುಟ್ಟು, ಕೈಯಲ್ಲಿ ಬೆತ್ತ ಇಲ್ಲದಿದ್ದರೂ ಇದ್ದಂತೆ ಕಾಣುವ ಭಂಗಿ. ಅಪ್ಪ ಅಪ್ರಯತ್ನವಾಗಿ ಅಂಗಿಯ ಗುಂಡಿ ಹಾಕಿಕೊಂಡ.

"ಮೊದಲ ಆಮಿ ತೋರಸ್ರಿ" ಅಂದರು ಅಕ್ಕೋರು.

"ಮೊದಲ ಮನಿ ತೋರಸ್ರಿ" ಅಂದಳು ಅವ್ವ.

ಇಬ್ಬರೂ ಒಬ್ಬರನ್ನೊಬ್ಬರು ಅಳೆದರು. ಅಪ್ಪ ನಡುವೆ ಬಾಯಿ ಹಾಕಿ, "ಅಕ್ಕೋರ, ಇಕಿ ಸ್ವಲ್ಪ..." ಎಂದು ಶುರುಮಾಡಿದ. "ನೀವು ಸುಮ್ನ ಕೂಡ್ರಿ" ಎಂದು ಇಬ್ಬರೂ ಒಟ್ಟಿಗೆ ಅಂದರು. ಅಲ್ಲಿಗೆ ಸಂಬಂಧ ಅರ್ಧ ಕುದುರಿತು.

ಅಕ್ಕೋರು ದಾರಿ ಬಿಟ್ಟರು. ಹಿತ್ತಲಲ್ಲಿ ಸಿಮೆಂಟಿನ ತೊಟ್ಟಿ, ಒಂದು ಕಡೆ ಇಳಿಜಾರು, ಆಮೆ ಹತ್ತಿ ಬಿಸಿಲಿಗೆ ಕೂರಲು. ಇನ್ನೊಂದು ಕಡೆ ನೆರಳಿಗೆ ಹಂಚು. ಸುತ್ತ ಗೋಡೆ, ಮೇಲೆ ಜಾಲರಿ. ಇಳಿಜಾರಿನ ಮೇಲೆ ಮೂರು ಆಮೆಗಳು ಪಂಚಾಯಿತಿ ಸದಸ್ಯರ ಹಾಗೆ ಒಂದರ ಮೇಲೊಂದು ಕಾಲು ಹಾಕಿಕೊಂಡು ಕೂತಿದ್ದವು. ಅವ್ವ ಅವನ್ನು ಆಮೇಲೆ ನೋಡಿದಳು. ಮೊದಲು ನೇರವಾಗಿ ನಳದ ಹತ್ತಿರ ಹೋಗಿ ತಿರುವಿದಳು. ನೀರು ಬಂತು. ನಿಲ್ಲಿಸಿ ಮತ್ತೆ ತಿರುವಿದಳು. ಬಂತು. ಅಪ್ಪ ಆಕಾಶ ನೋಡುತ್ತಿದ್ದ.

"ನೀರ ಯಾವಾಗ ಬದಲ್ಸ್ತೀರಿ? ಹೊಲಸ ನೀರ ಎಲ್ಲಿ ಹೋಗತೈತಿ? ನೀವು ಊರಿಗೆ ಹೋದ್ರ ಯಾರ ನೋಡ್ತಾರ? ನಾಯಿ ಬರೂದಿಲ್ಲಾ?" ಅವ್ವ ಕೇಳುತ್ತ ಹೋದಳು. ಹಳೇ ನೀರು ಬಾಳೆಗಿಡಕ್ಕೆ ಹೋಗುತ್ತದೆ, ಗಟಾರಕ್ಕೆ ಅಲ್ಲ. ಮರಿ ಹುಟ್ಟಿ ಮತ್ತೆ ಹಂಚುವ ಪಾಡು ಬೇಡವೆಂದು ಹೆಣ್ಣಿಗೂ ಗಂಡಿಗೂ ಬೇರೆ ತೊಟ್ಟಿ. ಊರಿಗೆ ಹೋದರೆ ಎದುರು ಮನೆಯಲ್ಲಿರುವ ಅವರ ತಂಗಿ ನೋಡುತ್ತಾಳೆ. ಅಕ್ಕೋರು ಉತ್ತರ ಹೇಳುತ್ತ ಹೇಳುತ್ತ, ಜೀವಮಾನದಲ್ಲಿ ಮೊದಲ ಸಲ ಯಾರೋ ಸರಿಯಾದ ಪ್ರಶ್ನೆ ಕೇಳಿದರೆಂಬಂತೆ ಅರಳತೊಡಗಿದರು. ಬಂದವರೆಲ್ಲ ಬುಟ್ಟಿ ಇಳಿಸಿ, ಒಂದು ಸೆಲ್ಫಿ ತೆಗೆದುಕೊಂಡು, ಓಡುವವರೇ ಅಂತೆ.

ಅವ್ವ ಹೂಂ ಅಂದಳು. ಕ್ರೇಟು ಇಳಿಯಿತು. ಈಗ ನಮ್ಮ ಪರೀಕ್ಷೆ.

"ಏನ್ ಹಾಕತಿದ್ರಿ ಇದಕ್ಕ?"

"ಅನ್ನ, ಚಪಾತಿ..." ಅವ್ವನ ದನಿ ತಗ್ಗಿತು.

"ಅದೇನ ನೆಂಟರಾ? ಎಲಿ ಹಾಕಬೇಕು, ಸೊಪ್ಪು ಹಾಕಬೇಕು, ನೀರಾಗಿನ ಹುಳ ಹಾಕಬೇಕು. ಚಿಪ್ಪು ನೋಡ್ರಿ, ಒತ್ತಿದ್ರ ಒಳಗ ಹೋಗತೈತಿ. ಬಿಸಲಿಗೆ ಬಿಟ್ಟಿದ್ದಿಲ್ಲಾ?"

"ಬಚ್ಚಲದಾಗ ಇತ್ರಿ. ಉತ್ತರ ದಿಕ್ಕು" ಅಂದ ಅಪ್ಪ.

ಅಕ್ಕೋರು ಕನ್ನಡಕ ಇಳಿಸಿ ಅಪ್ಪನನ್ನು ಬಹಳ ಹೊತ್ತು ನೋಡಿದರು. ಕೊಪ್ಪಳದಲ್ಲಿ ಬಿಸಿಲು ಸಾಲದೆ ಮೆತ್ತಗಾದ ಪ್ರಾಣಿ ಇದೊಂದೇ ಇರಬೇಕು. ಇಲ್ಲಿ ಬಿಸಿಲಿಗೆ ಡಾಂಬರೇ ಕರಗಿ ಚಪ್ಪಲಿಗೆ ಅಂಟುತ್ತದೆ. ನಮ್ಮಪ್ಪ ಅದೊಂದನ್ನೂ ಕೊಡದೆ ಲಕ್ಷ್ಮಿಗೆ ಕಾದಿದ್ದ.

"ಮತ್ತ ಇದು ಗಂಡು" ಅಂದರು ಅಕ್ಕೋರು, ಮುಂಗಾಲಿನ ಉದ್ದುಗುರು ತೋರಿಸಿ.

"ಗಂಡಾ!" ಅಪ್ಪ ಕೂತಲ್ಲಿಂದ ಎದ್ದ. ಇಷ್ಟು ವರ್ಷ ಲಕ್ಷ್ಮಿ ಎಂದು ಕೈಮುಗಿದ ಕೈ ಅವನದು.

"ಅದಕ್ಕ ಮತ್ತ" ಅಂದಳು ಅವ್ವ, "ಉಂಡು, ಕೂತಲ್ಲೇ ಮಲಗತಿತ್ತು."

ಅಕ್ಕೋರು ನಕ್ಕರು. ಮೊದಲು ಕೆಲವು ವಾರ ಬೇರೆ ಟಬ್ಬಿನಲ್ಲಿಟ್ಟು ರೋಗ ಇದೆಯೋ ನೋಡಿ, ಚಿಪ್ಪು ಗಟ್ಟಿಯಾದ ಮೇಲೆ ತೊಟ್ಟಿಗೆ ಬಿಡುತ್ತೇನೆ ಅಂದರು. ಎಲ್ಲರ ಕೈಗೂ ಸಾಬೂನು ಹಚ್ಚಿಸಿ ತೊಳೆಸಿದರು. ಮಾಮಾ ಮುಟ್ಟಿರಲೇ ಇಲ್ಲ, ಅವನ ಕೈಯನ್ನೂ ತೊಳೆಸಿದರು. ಅವ್ವ ತಂದಿದ್ದ ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು ತೆಗೆದಳು. ಮನೆಯಿಂದ ಹೋಗುವವರಿಗೆ ಉಡಿ ತುಂಬದೆ ಕಳಿಸುವುದು ಹೇಗೆ? ಗಂಡು ಎಂದು ಗೊತ್ತಾದ ಮೇಲೆ ಒಂದು ಗಳಿಗೆ ಯೋಚಿಸಿ ಅಕ್ಕೋರಿಗೇ ತುಂಬಿದಳು.

ಹೊರಡುವಾಗ ಅಕ್ಕೋರು, "ನೋಡಾಕ ಬರೂದಿದ್ರ ಹೇಳಿ ಬರಬ್ಯಾಡ್ರಿ. ಹೇಳದ ಬರ್ರಿ. ಹೇಳಿ ಬಂದ್ರ ಎಲ್ಲಾರ ಮನಿನೂ ಛಲೋ ಇರತಾವ" ಅಂದರು.

ಅವ್ವ ಗಾಡಿ ಹತ್ತಿ ಖಾಲಿ ಕ್ರೇಟಿನ ಮೇಲೆ ಕೈ ಇಟ್ಟುಕೊಂಡು ಕೂತಳು. ಊರ ಅಂಚಿಗೆ ಬಂದಾಗ ಮಾತಾಡಿದಳು. "ಅಣ್ಣಾ, ಯಲಬುರ್ಗಾ ಹಾದಿ ಹಿಡಿ. ಮಗಳ ಮನಿಗೆ ಹೋಗೂಣು."

ಅಪ್ಪ ಹೌಹಾರಿದ. "ಹೇಳಿಲ್ಲಾ, ಕೇಳಿಲ್ಲಾ, ಬರಿಗೈಲೆ..."

"ಆಮಿ ಮನಿ ನೋಡಾಕ ಇಷ್ಟ ದೂರ ಬಂದೇನಿ. ಮಗಳ ಮನಿ ನೋಡಾಕ ನನಗ ಮುಹೂರ್ತ ಬೇಕೇನು?"

ಮಾಮಾ ಹ್ಯಾಂಡಲ್ ಹೊರಳಿಸಿದ. ತಂಗಿಯ ಆ ದನಿಗೆ ಲಾರಿಯೂ ಹೊರಳುತ್ತಿತ್ತು.

ಬೀಗರ ಅಂಗಳದಲ್ಲಿ ಇಳಿದಾಗ ಭಾವ ಬನಿಯನ್ನಿನಲ್ಲಿದ್ದ. "ಬರ್ರಿ ಅತ್ತೀ!" ಎಂದು ಒಳಗೆ ಓಡಿ ಅಂಗಿ ಹಾಕಿಕೊಂಡು ಬಂದ. ಅವ್ವ ಜಗಳಕ್ಕೆ ಸಜ್ಜಾಗಿ ಬಂದಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಯಾಗಿತ್ತು. ಆದರೆ ಆ ಒಣ ನಳದ ಪಕ್ಕದಲ್ಲಿ ಹೊಸದೊಂದು ಕರಿ ಪೈಪು ಡ್ರಮ್ಮಿಗೆ ನೀರು ಸುರಿಯುತ್ತಿತ್ತು. ಡ್ರಮ್ಮು ತುಂಬಿ ಚೆಲ್ಲುತ್ತಿತ್ತು.

"ನೋಡ್ರಿ ಅತ್ತೀ, ಬೋರಿನಿಂದ ಪೈಪ ಎಳಸೀನಿ!" ಭಾವನ ಮುಖ ಬೆಳಗಿತು. "ಅಕಿ ತವರಮನಿಗೆ ಹೋದ್ಲು. ಅವ್ವಗ ಮಣಕಾಲ ಬ್ಯಾನಿ. ನೀರ ನಾನ ಹೊರಬೇಕಾತು. ನಾಕ ದಿನ ಹೊತ್ತೆ ನೋಡ್ರಿ, ಹೆಗಲ ಹೋತು! ಐದನೇ ದಿನ ಎಳಿಸೇಬಿಟ್ಟೆ."

ಅವನ ದನಿಯಲ್ಲಿ ಕಪಟವೇ ಇರಲಿಲ್ಲ. ಮೆಚ್ಚುಗೆಗೆ ಕಾಯುತ್ತಿದ್ದ. ಅಪ್ಪ ಇನ್ನೇನು ಭೇಷ್ ಅನ್ನುವವನಿದ್ದ, ಅವ್ವನ ಮುಖ ನೋಡಿ ನುಂಗಿಕೊಂಡ. ಒಳಗಿನಿಂದ ಬೀಗತಿ ಚಹಾದ ತಾಟು ಹಿಡಿದು ಕುಂಟುತ್ತ ಬಂದರು.

"ಚಹಾ ಬ್ಯಾಡ" ಅಂದಳು ಅವ್ವ. "ಒಂದು ತಂಬಿಗಿ ನೀರ ಕೊಡ್ರಿ ಅಳಿಯಂದ್ರ."

ಭಾವ ಪೈಪಿನಿಂದಲೇ ಹಿಡಿದು ಕೊಟ್ಟ. ಅವ್ವ ಪೂರ್ತಿ ಕುಡಿದು ತಂಬಿಗೆ ಕೆಳಗಿಟ್ಟಳು. "ನಿಮ್ಮ ಹೆಗಲ ನಾಕ ದಿನಕ್ಕ ಹೋತು. ನನ್ನ ಮಗಳದು ಮೂರು ವರ್ಷ ಆತು, ಇನ್ನಾ ಹೆಂಗ ಐತೋ ನೋಡ್ರಿ" ಅಂದಳು. ಜಗಳ ಮಾಡಲಿಲ್ಲ. ಸೆರಗು ಬಿಚ್ಚಿ ಗಾಡಿ ಹತ್ತಿದಳು. ಭಾವ ಖಾಲಿ ತಂಬಿಗೆ ಎತ್ತಿಕೊಂಡು ಅಂಗಳದಲ್ಲೇ ನಿಂತಿದ್ದ, ಇಡುವುದು ಎಲ್ಲಿ ಎಂದು ತಿಳಿಯದವನ ಹಾಗೆ.

ಮನೆಗೆ ಬಂದಾಗ ಅಕ್ಕ ಎದ್ದು ಕೂತಿದ್ದಳು. "ಎಲ್ಲಾ ಹೇಳಲೇ, ಒಂದೂ ಬಿಡಬ್ಯಾಡ" ಅಂದಳು. ಅಕ್ಕೋರಾದೆ, ಅಪ್ಪನಾದೆ, ಆಕಾಶ ನೋಡುವ ಅಪ್ಪನಾದೆ, "ಗಂಡಾ!" ಎಂದು ಎದ್ದು ನಿಂತ ಅಪ್ಪನಾದೆ. ಅಕ್ಕ ಹೊಟ್ಟೆ ಹಿಡಿದುಕೊಂಡು, "ಸಾಕಲೇ, ಇಲ್ಲೇ ಹಡಿತೀನಿ" ಎಂದು ನಕ್ಕಳು. ಆಮೇಲೆ ಯಲಬುರ್ಗಾ ಹಾದಿಯ ಸುದ್ದಿ ಬಂತು. ಭಾವನ ದನಿಯಲ್ಲಿ, ಎದೆ ಉಬ್ಬಿಸಿ, "ನಾಕ ದಿನ ಹೊತ್ತೆ ನೋಡ್ರಿ, ಹೆಗಲ ಹೋತು!" ಅಂದೆ.

ಅಕ್ಕ ನಗಲಿಲ್ಲ. ನನ್ನನ್ನೇ ನೋಡುತ್ತ, "ಮತ್ತ ನಾ ಹೇಳಿದಾಗೆಲ್ಲಾ ನೋಡೂಣು ಅಂತಿದ್ರಲ್ಲಾ? ನೋಡಿದ್ರಿಲ್ಲೋ ಈಗ?" ಅಂದಳು. ನನಗಲ್ಲ ಅಂದದ್ದು. ತಮ್ಮನಿಗೆ ಯಾರು ಬಹುವಚನ ಹಚ್ಚುತ್ತಾರೆ? ಶುರುವಾದದ್ದು ನಿಲ್ಲಲಿಲ್ಲ. ಏಳು ತಿಂಗಳ ಬಸುರಿನಲ್ಲಿ ಹೊತ್ತ ಕೊಡ, ಜಾರಿದ ಕಟ್ಟೆ, ಡ್ರಮ್ಮು ಖಾಲಿ ಎಂದು ಬೈಸಿಕೊಂಡ ಬೆಳಗು, ಎಲ್ಲ ನನ್ನ ಮೇಲೆ ಬಂತು. ಅಪ್ಪನೂ ಮಾಮಾನೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ನಾನು ಭಾವನ ದನಿಯನ್ನು ಬಿಡಲಿಲ್ಲ.

"ತಪ್ಪಾತು" ಅಂದೆ.

"ಇನ್ನೊಮ್ಮೆ ಅನ್ರಿ."

"ತಪ್ಪಾತು."

ಅಕ್ಕ ಗೋಡೆಗೆ ಒರಗಿ ಉಸಿರು ಬಿಟ್ಟಳು. ಅಸಲಿ ಮನುಷ್ಯ ಅಷ್ಟು ಸಲೀಸಾಗಿ ಅನ್ನುತ್ತಾನೆಂಬ ಭರವಸೆ ಅವಳಿಗೂ ಇರಲಿಲ್ಲ, ನನಗೂ ಇರಲಿಲ್ಲ. ಸದ್ಯಕ್ಕೆ ನಕಲಿಯವನಿಂದಲೇ ಇನ್ನೂ ನಾಲ್ಕಾರು ಸಲ ಅನ್ನಿಸಿಕೊಂಡಳು.